ಅಕ್ಕನ ಗೋಪುರಕ್ಕೆ ಹೆಸರು ಬಂದದ್ದು

ಗೋಪುರದ ಟಿಕೆಟ್ ಕಿಟಕಿಯ ಹಿಂದೆ ನಾನು ಕೂತು ಹತ್ತೊಂಬತ್ತು ವರ್ಷವಾಯಿತು. ಇಷ್ಟು ವರ್ಷದಲ್ಲಿ ಗೋಪುರವನ್ನು ನೋಡಿದ್ದಕ್ಕಿಂತ ಕಂಚಣ್ಣನ ಬೆನ್ನು ನೋಡಿದ್ದೇ ಹೆಚ್ಚು. ಕಿಟಕಿ ಅಷ್ಟು ಚಿಕ್ಕದು, ಅವರು ನಿಲ್ಲುತ್ತಿದ್ದದ್ದು ಅದರ ನೇರಕ್ಕೇ. ಖಾಕಿ ಕೋಟು, ಕಾಲರ್ ಸವೆದ ಕಡೆ ಹೆಂಡತಿ ಹಾಕಿದ ತೇಪೆ, ಎದೆಗೆ ಇಲಾಖೆಯ ಗೈಡ್ ಬಿಲ್ಲೆ. ಅವರದು ಕಂಚಿನ ಕಂಠ, ಅದಕ್ಕೇ ಆ ಹೆಸರು. ಮೈಕಿಲ್ಲದೆ ಅರವತ್ತು ಜನಕ್ಕೆ ಕೇಳಿಸುವ ಹಾಗೆ ಮಾತಾಡುತ್ತಿದ್ದರು, ಆದರೂ ಕೂಗಿದ ಹಾಗಿರುತ್ತಿರಲಿಲ್ಲ. ನನ್ನನ್ನು ಕರೆಯುತ್ತಿದ್ದದ್ದು 'ಕಿಟಕಿಯಮ್ಮ' ಎಂದು.

ನಮ್ಮ ದೇಶದಲ್ಲಿ ಅಕ್ಕನ ಗೋಪುರ ಗೊತ್ತಿಲ್ಲದವರಿಲ್ಲ. ನೋಟಿನ ಹಿಂದೆ ಅದಿದೆ, ಅಂಚೆಚೀಟಿಯ ಮೇಲೆ ಇದೆ, ಬಿಸ್ಕತ್ತಿನ ಡಬ್ಬಿಯ ಮೇಲೂ ಇದೆ. ಬಸ್ಸಿನ ಕಂಡಕ್ಟರು 'ಅಕ್ಕಾ, ಯಾರ್ರೀ ಅಕ್ಕ ಇಳಿಯೋರು' ಎಂದು ಕೂಗುತ್ತಾನೆ. ಎಪ್ಪತ್ತು ದಾಟಿದ ಮೀಸೆಯ ಯಜಮಾನರೂ 'ನಾನು ಅಕ್ಕ' ಎಂದು ಎದ್ದು ನಿಲ್ಲುತ್ತಾರೆ. ಚುನಾವಣೆ ಬಂದರೆ ಎಲ್ಲ ಪಕ್ಷಕ್ಕೂ ಅಕ್ಕ ಬೇಕು. ಯಾರ ಅಕ್ಕ, ಏನು ಮಾಡಿದವಳು ಎಂದು ಕೇಳಿದರೆ ಮಾತ್ರ ಹಿಂದೆ ಯಾರ ಹತ್ತಿರವೂ ಉತ್ತರವಿರಲಿಲ್ಲ. ಗೈಡುಗಳಿಗೆ ಇಲಾಖೆ ಕೊಟ್ಟ ಹಾಳೆಯಲ್ಲಿ ಎತ್ತರ ಎಷ್ಟು, ಮೆಟ್ಟಿಲು ಎಷ್ಟು, ಕಲ್ಲು ಯಾವುದು ಎಲ್ಲ ಇತ್ತು. ಕೊನೆಯಲ್ಲಿ ಒಂದು ಸಾಲು: 'ಹೆಸರಿನ ಮೂಲ ತಿಳಿದುಬಂದಿಲ್ಲ.'

ಈಗ ಎಲ್ಲರಿಗೂ ಉತ್ತರ ಗೊತ್ತು. ಒಬ್ಬ ಅರಸನಿದ್ದ, ಅವನಿಗೊಬ್ಬಳು ಅಕ್ಕ. ತಮ್ಮ ಯುದ್ಧಕ್ಕೆ ಹೋದ. ಕತ್ತಲಲ್ಲಿ ದಾರಿ ತಪ್ಪದಿರಲಿ ಎಂದು ಅಕ್ಕ ಗೋಪುರ ಕಟ್ಟಿಸಿ ದಿನಾ ಸಂಜೆ ತುದಿಗೆ ಹತ್ತಿ ದೀಪ ಹಚ್ಚಿದಳು. ನಲವತ್ತು ವರ್ಷ ಹಚ್ಚಿದಳು. ತಮ್ಮ ನೆರೆತ ತಲೆಯಲ್ಲಿ ಮರಳಿ ಬಂದ ಸಂಜೆ ದೀಪವಿರಲಿಲ್ಲ. ಅಕ್ಕ ಆ ಬೆಳಗ್ಗೆಯೇ ತೀರಿಕೊಂಡಿದ್ದಳು. ಕೆಲಸಕ್ಕೆ ಸೇರಿದ ಮೊದಲ ವಾರ ಇದನ್ನು ಕೇಳಿ ನಾನು ಟಿಕೆಟ್ ಹರಿಯುತ್ತಲೇ ಅತ್ತಿದ್ದೆ. ದೀಪದ ಚಿತ್ರವಿರುವ ಬಿಸ್ಕತ್ತಿನ ಡಬ್ಬಿ ಕೊಂಡುಕೊಂಡು ಹೋಗಿ ಅಮ್ಮನಿಗೂ ಕಥೆ ಹೇಳಿ ಅಳಿಸಿದ್ದೆ.

ಈ ಕಥೆಯಲ್ಲಿ ಒಂದಕ್ಷರ ನಿಜವಿಲ್ಲ. ಕಂಚಣ್ಣ ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ನಿಂತ ನಿಲುವಿನಲ್ಲಿ ಕಟ್ಟಿದ್ದು. ಕಪ್ಪು ಕೋಟಿನ ಹೆಂಗಸೊಬ್ಬಳು ಒಬ್ಬಳೇ ಬಂದಿದ್ದಳಂತೆ. ಗೋಪುರಕ್ಕೆ ಈ ಹೆಸರು ಯಾಕೆ ಎಂದು ಕೇಳಿದಳು. ತಮ್ಮನನ್ನು ಕಳೆದುಕೊಂಡು ತಿಂಗಳಾಯಿತು ಎಂದೂ ಹೇಳಿದಳು. ಅವಳೆದುರು 'ತಿಳಿದುಬಂದಿಲ್ಲ' ಅನ್ನಲು ಇವರಿಗೆ ನಾಲಿಗೆ ಹೊರಳಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದರು. ಅವಳು ಇವರ ಎರಡೂ ಕೈ ಹಿಡಿದುಕೊಂಡು ಅತ್ತಳು. ಅವತ್ತಿಗೇ ನಿಲ್ಲಿಸಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಮರುದಿನ ಇನ್ನೊಂದು ಗುಂಪು ಅದೇ ಪ್ರಶ್ನೆ ಕೇಳಿತು, ಇವರು ಅದೇ ಉತ್ತರ ಕೊಟ್ಟರು, ನಲವತ್ತು ವರ್ಷ ಎಂಬುದನ್ನು ಸೇರಿಸಿದ್ದು ಆಗಲೇ.

ನಮ್ಮ ಗೈಡುಗಳಲ್ಲಿ ಒಂದು ಕಟ್ಟಳೆ ಇದೆ. ಪ್ರವಾಸಿಗರೆದುರು ಒಬ್ಬ ಗೈಡಿನ ಮಾತನ್ನು ಇನ್ನೊಬ್ಬ ಗೈಡು ಅಲ್ಲಗಳೆಯಬಾರದು. ಹೊಟ್ಟೆಪಾಡಿನ ಮರ್ಯಾದೆ ಅದು. ಹಾಗಾಗಿ ಉಳಿದವರು ಸುಮ್ಮನಿದ್ದರು. ಜನ ದೀಪದ ಕಥೆ ಹೇಳುವವರನ್ನೇ ಹುಡುಕಿಕೊಂಡು ಬರತೊಡಗಿದ ಮೇಲೆ ತಾವೂ ಹೇಳಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ವರ್ಷದೊಳಗೆ ಹನ್ನೊಂದು ಗೈಡುಗಳ ಬಾಯಲ್ಲೂ ಅಕ್ಕ ದೀಪ ಹಚ್ಚುತ್ತಿದ್ದಳು. ಆಮೇಲೆ ಪತ್ರಿಕೆ, ಬಿಸ್ಕತ್ತಿನ ಡಬ್ಬಿ, ಎಂಟು ವರ್ಷದ ಹಿಂದೆ ನಾಲ್ಕನೇ ತರಗತಿಯ ಪುಸ್ತಕ.

ಕಥೆ ಕಟ್ಟಿದ್ದು ಎಂದು ನನಗೆ ಗೊತ್ತಾಗಿ ಹದಿನಾಲ್ಕು ವರ್ಷವಾಯಿತು. ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತ ಕಂಚಣ್ಣನೇ ಹೇಳಿದ್ದರು, ನಗುತ್ತ. ನಾನೂ ನಕ್ಕೆ. ಟಿಕೆಟ್ ಚೆನ್ನಾಗಿ ಹೋಗುತ್ತಿತ್ತು, ನನಗೇನು ನಷ್ಟ? ಅವರ ತಪ್ಪು ಬರೆಯಲು ಹೊರಟಿದ್ದೇನೆ, ನನ್ನದನ್ನೂ ಬರೆದುಬಿಡುವುದು ವಾಸಿ.

ನಿಜವಾದ ಅಕ್ಕ ಕಂಚಣ್ಣನ ಮನೆಯಲ್ಲೇ ಇದ್ದಳು. ಅಂದರೆ ಅವಳ ಕಥೆ ಬಲ್ಲವರು ಇದ್ದರು. ಅವರ ಅತ್ತೆ, ಹೆಂಡತಿಯ ತಾಯಿ, ಹದಿನೈದನೇ ವಯಸ್ಸಿನಿಂದ ಐವತ್ತರವರೆಗೆ ಕಟ್ಟಡಗಳಿಗೆ ಗಾರೆ ಹೊತ್ತವರು. ಅವರ ತಾಯಿ, ಅಜ್ಜಿ ಎಲ್ಲರೂ ಅದೇ ಕೆಲಸದವರು. ಬಸ್ ಡಿಪೋದ ಹಿಂದಿನ ಎರಡು ಕೋಣೆಯ ಆ ಮನೆಯಲ್ಲಿ, ಅಡುಗೆಮನೆಯ ಬಾಗಿಲಿಗೆ ಒರಗಿ ಕೂತು, ಅತ್ತೆ ನನಗೂ ಒಮ್ಮೆ ಹೇಳಿದ್ದರು.

"ಅರಸನೂ ಇಲ್ಲ, ಅರಸನ ಅಕ್ಕನೂ ಇಲ್ಲ ಕಣಮ್ಮ. ಗೋಪುರ ಕಟ್ಟೋವಾಗ ಗಾರೆ ಹೊರೋ ಹೆಂಗಸರ ಮೇಲೆ ಒಬ್ಳು ಹಿರಿಯಳಿದ್ಳು. ಅವಳಿಗಿಂತ ದೊಡ್ಡೋರೂ ಅಕ್ಕ ಅಂತಲೇ ಕರೀತಿದ್ರು. ಹತ್ತೋಕೆ ಬೊಂಬಿನ ಸಾರುವೆ ಕಟ್ಟಿದ ಮೇಲೆ ಒಂದೊಂದು ಗಂಟನ್ನೂ ಕೈಯಲ್ಲಿ ಮುಟ್ಟಿ ನೋಡೋಳು. ಅವಳು ಹೂಂ ಅನ್ನದೆ ಯಾರೂ ಹಲಗೆ ಮೇಲೆ ಕಾಲಿಡೋ ಹಾಗಿರಲಿಲ್ಲ. ಮೇಸ್ತ್ರಿ ಬೈದರೂ ಅಷ್ಟೆ. ಒಂದಿನ ಜ್ವರ ಬಂದು ಮಲಗಿದ್ಳು. ಅವತ್ತು ಮೇಸ್ತ್ರಿ ಎಲ್ಲರನ್ನೂ ಹತ್ತಿಸಿದ. ಗಂಟು ಕಳಚಿ ಸಾರುವೆ ಬಿತ್ತು, ಹನ್ನೆರಡು ಜನ ಹೋದ್ರು. ಆಮೇಲೆ ಕೆಲಸದೋರು ಅದನ್ನ ಬೇರೆ ಹೆಸರಲ್ಲಿ ಕರೀಲೇ ಇಲ್ಲ."

ಈ ಹೆಸರು ಕೆಲಸದವರ ನಡುವೆ ಬರೀ ಹೆಸರಾಗಿ ಉಳಿದಿರಲಿಲ್ಲ, ದಿನದ ಕೆಲಸಕ್ಕೆ ಬರುತ್ತಿತ್ತು. ಯಾವ ಕಟ್ಟಡವಾಗಲಿ, ಬೊಂಬಿನ ಸಾರುವೆ ಹತ್ತುವ ಮುಂಚೆ ಕೆಳಗಿದ್ದವರು ಕೂಗಿ ಕೇಳಬೇಕು: 'ಅಕ್ಕನ್ನ ಕೇಳಿದ್ರಾ?' ಮೇಲೆ ಕಟ್ಟುತ್ತಿದ್ದವರು ಗಂಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ 'ಕೇಳಿದೆ' ಅನ್ನಬೇಕು. ಆ ಒಂದು ಮಾತು ಬರದೆ ಹತ್ತುವಂತಿಲ್ಲ. ಅತ್ತೆಯ ಕಾಲದಲ್ಲಿ ಇದನ್ನು ಯಾರೂ ನಗುತ್ತ ಹೇಳುತ್ತಿರಲಿಲ್ಲ.

ಅಳಿಯ ಹೊಸದಾಗಿ ದೀಪದ ಕಥೆ ಹೇಳತೊಡಗಿದಾಗಲೇ ಅತ್ತೆ ತಡೆದಿದ್ದರು. ಕಂಚಣ್ಣ ಕೇಳಲಿಲ್ಲ. "ಅತ್ತೆ, ಜನ ದೂರದಿಂದ ಬರ್ತಾರೆ. ಗಾರೆ ಬಾಣಲೆ ಹೊತ್ತೋಳ ಕಥೆ ಅವರಿಗೆ ಯಾಕೆ?" ಎಂದರು. ಅತ್ತೆ ಅದನ್ನು ಹೊಟ್ಟೆಗೆ ಹಾಕಿಕೊಂಡರು. ಶಾಲೆಯ ಪುಸ್ತಕದಲ್ಲಿ ದೀಪ ಬಂದ ಮೇಲೆ ಅಳಿಯನ ಜೊತೆ ಮಾತು ಬಿಟ್ಟರು. ಏಳು ವರ್ಷ. ಆ ಮನೆಯ ಊಟದ ಮೇಜು ಎರಡೂವರೆ ಅಡಿಯದು, ಮೊಣಕೈಗೆ ಮೊಣಕೈ ತಾಗುತ್ತದೆ. ಅಲ್ಲಿ ಕೂತುಕೊಂಡು ಅತ್ತೆ ಮಗಳಿಗೆ ಹೇಳುತ್ತಿದ್ದರು: "ನಿನ್ನ ಗಂಡಂಗೆ ಹೇಳು, ಸಾರಿಗೆ ಉಪ್ಪು ಜಾಸ್ತಿ ಹಾಕ್ಕೋತಿದ್ದಾರೆ, ಬಿ.ಪಿ. ಇದೆ." ಕಂಚಣ್ಣ ಹೆಂಡತಿಗೆ ಹೇಳುತ್ತಿದ್ದರು: "ನಿಮ್ಮಮ್ಮಂಗೆ ಹೇಳು, ಕೇಳಿಸ್ತು ಅಂತ." ಹೆಂಡತಿ ಇಬ್ಬರಿಗೂ ಹೇಳದೆ ತನ್ನ ಪಾಡಿಗೆ ಉಣ್ಣುತ್ತಿದ್ದರು. ನಾವೆಲ್ಲ ಇದನ್ನು ತಮಾಷೆ ಎಂದುಕೊಂಡಿದ್ದೆವು.

ಹೋದ ವರ್ಷ ಇಲಾಖೆಗೆ ಗೋಪುರದ ದುರಸ್ತಿ ನೆನಪಾಯಿತು. ಸುತ್ತ ಸಾರುವೆ ಎದ್ದಿತು. ದುರಸ್ತಿ ಮುಗಿದ ಮೇಲೆ ಬಾಗಿಲಲ್ಲಿ ದೊಡ್ಡ ಕಲ್ಲು ನಿಲ್ಲಿಸಿ ಹೆಸರಿನ ಕಥೆಯನ್ನು ಕೆತ್ತಿಸುವುದೆಂದೂ ನಿರ್ಧಾರವಾಯಿತು. ಕಲ್ಲನ್ನು ಎಲ್ಲರೆದುರು ಓದುವ ಗೌರವ ಹಿರಿಯ ಗೈಡ್ ಕಂಚಣ್ಣನಿಗೆ. ಪತ್ರ ಬಂದ ದಿನ ಅವರು ಅದನ್ನು ನನ್ನ ಕಿಟಕಿಯೊಳಗೆ ತೂರಿಸಿ ತೋರಿಸಿದರು. ಮುಖದಲ್ಲಿ ಸಂತೋಷವೂ ಇತ್ತು, ಕಳ್ಳನ ಅಳುಕೂ ಇತ್ತು.

ದುರಸ್ತಿಯ ಕೆಲಸಕ್ಕೆ ಅವರ ಭಾಮೈದನೂ ಬಂದಿದ್ದ, ಹೆಂಡತಿಯ ತಮ್ಮ. ಅತ್ತೆಯ ಒಬ್ಬನೇ ಮಗ. ಅಮ್ಮನಿಂದ ಕಲಿತ ಹಾಗೆ ದಿನಾ ಹತ್ತುವ ಮುಂಚೆ ಕೂಗಿ ಕೇಳುತ್ತಿದ್ದ. ಮೇಲಿನ ಹೊಸಬರಿಗೆ ಅದು ಒಗಟು. ಅವರು ಬಲ್ಲದ್ದು ದೀಪದ ಅಕ್ಕನನ್ನು. ಸಾರುವೆಯ ಪಕ್ಕದಲ್ಲೇ ಕಂಚಣ್ಣ ದಿನಕ್ಕೆ ಆರು ಸಲ ಅವಳ ಕಥೆ ಹೇಳುತ್ತಿದ್ದರು. ಭಾಮೈದ ತಾಳ್ಮೆಯವನು. "ಕೇಳಿದೆ ಅನ್ನೋದು ಮುಖ್ಯ ಅಲ್ಲಪ್ಪ, ಮುಟ್ಟಿ ನೋಡಿ ಅನ್ನಬೇಕು" ಎಂದು ಕಲಿಸಿದ್ದ.

ಅವತ್ತು ಬೆಳಗ್ಗೆ ಹತ್ತೂವರೆ. ಅವನು ಕೆಳಗಿನಿಂದ ಕೂಗಿದ್ದು ನನಗೆ ಕಿಟಕಿಯಲ್ಲಿ ಕೇಳಿಸಿತು. "ಅಕ್ಕನ್ನ ಕೇಳಿದ್ರಾ?"

ಮೇಲಿನಿಂದ ಒಬ್ಬ ಕೂಗಿದ. "ಕೇಳ್ದೆ ಅಣ್ಣಾ! ದೀಪಕ್ಕೆ ಎಣ್ಣೆ ತಗೊಂಡ್ಬಾ ಅಂತಿದ್ದಾಳೆ!"

ಇಡೀ ಸಾರುವೆ ನಕ್ಕಿತು. ಸಾಲಿನಲ್ಲಿ ನಿಂತ ಪ್ರವಾಸಿಗರೂ ನಕ್ಕರು. ಭಾಮೈದನೂ ನಕ್ಕ, ನಗುತ್ತಲೇ ಹತ್ತಿದ. 'ಕೇಳಿದೆ' ಎಂಬ ಮಾತು ಬಂದಿತ್ತಲ್ಲ. ಆ ನಗುವಿನಲ್ಲಿ ಗಂಟು ಮುಟ್ಟಿದರೋ ಇಲ್ಲವೋ ಅವನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಎರಡನೇ ಅಂತಸ್ತಿನ ಹಲಗೆ ಜಾರಿತು. ಅವನು ಬಿದ್ದದ್ದನ್ನು ನಾನು ಕಂಡೆ. ಬಿದ್ದ ಸದ್ದು ಕೇಳಿದಾಗ ಕಂಚಣ್ಣ ನಲವತ್ತು ಜನರ ಮುಂದೆ 'ಆ ಸಂಜೆ ದೀಪವಿರಲಿಲ್ಲ' ಎಂಬಲ್ಲಿಗೆ ಬಂದಿದ್ದರು.

ಆಸ್ಪತ್ರೆಯ ಕಾರಿಡಾರಿನಲ್ಲಿ ಹಸಿರು ಬಣ್ಣದ ಬೆಂಚು. ಸೊಂಟದ ಮೂಳೆ ಮುರಿದಿದೆ, ಜೀವಕ್ಕೆ ಅಪಾಯವಿಲ್ಲ, ಇನ್ನು ಸಾರುವೆ ಹತ್ತುವ ಮಾತಿಲ್ಲ ಎಂದು ಡಾಕ್ಟರು ಹೇಳಿಹೋದರು. ಬೆಂಚಿನ ಆ ತುದಿಗೆ ಅತ್ತೆ, ಈ ತುದಿಗೆ ಕಂಚಣ್ಣ, ನಡುವೆ ಹೆಂಡತಿಯೂ ನಾನೂ. ಅತ್ತೆ ಮಗಳ ಕಡೆ ತಿರುಗದೆ, ನೇರವಾಗಿ ಅಳಿಯನಿಗೇ ಹೇಳಿದರು.

"ನೀವು ತುಂಬ ಚೆನ್ನಾಗಿ ಹೇಳ್ತೀರಪ್ಪ. ಅದಕ್ಕೇ ಹೀಗಾಯ್ತು."

ಬೈದಿದ್ದರೆ ಚೆನ್ನಾಗಿತ್ತು. ಆಗ ಹುಟ್ಟಿದ್ದೇ ಕಂಚಣ್ಣನ ಹಟ: ಕಲ್ಲಿನಲ್ಲಿ ಆ ಕಥೆ ಕೆತ್ತಬಾರದು. ಬಾಯಲ್ಲಿದ್ದದ್ದು ಹೇಗೋ ಅಳಿಸಿಹೋದೀತು, ಕಲ್ಲಿಗೆ ಹೋದರೆ ಮುಗಿಯಿತು.

ಮೂರನೆಯ ದಿನ ಅವರು ಇಲಾಖೆಯ ಅಧಿಕಾರಿಯ ಕಚೇರಿಗೆ ಹೋದರು. ಒಬ್ಬರೇ ಹೋಗಲು ಧೈರ್ಯ ಸಾಲದೆ ನನ್ನನ್ನೂ ಕರೆದುಕೊಂಡು ಹೋದರು. ಅಧಿಕಾರಿ ಓದಿಕೊಂಡ ಹೆಂಗಸು, ಒಳ್ಳೆಯವರೇ. ಕುರ್ಚಿ ಕೊಟ್ಟು ಚಹಾ ತರಿಸಿದರು. ಕಂಚಣ್ಣ ಚಹಾ ಮುಟ್ಟದೆ ಎಲ್ಲವನ್ನೂ ಹೇಳಿದರು, ಕಪ್ಪು ಕೋಟಿನ ಹೆಂಗಸಿನಿಂದ ಹಿಡಿದು.

ಅಧಿಕಾರಿ ಪೂರ್ತಿ ಕೇಳಿದರು. "ಭಾಮೈದನ ವಿಷಯ ಕೇಳಿ ನಮಗೂ ತುಂಬ ಬೇಜಾರಾಯ್ತು. ನಿಮ್ಮ ಮನಸ್ಸು ಕದಡಿದೆ. ಆದ್ರೆ ಇದು ನೋಡಿ" ಎಂದು ಬೀರುವಿನಿಂದ ನಾಲ್ಕು ಪುಸ್ತಕ ತೆಗೆದಿಟ್ಟರು. "ಎಲ್ಲದ್ರಲ್ಲೂ ದೀಪದ ಕಥೆ ಇದೆ. ವಿದ್ವಾಂಸರು ಬರೆದಿದ್ದು."

"ಅವರಿಗೆ ಯಾರು ಹೇಳಿದ್ರಂತೆ ಮೇಡಂ?" ಎಂದು ನಾನು ಕೇಳಿದೆ. ನನ್ನ ಬಾಯಿ ಸುಮ್ಮನಿರುವುದಿಲ್ಲ.

ಅವರು ಹಾಳೆ ತಿರುವಿ ಓದಿದರು: "ಸ್ಥಳೀಯ ಹಿರಿಯರ ಬಾಯಿಂದ ತಿಳಿದದ್ದು."

"ಅದು ನಾನೇ ಮೇಡಂ" ಎಂದರು ಕಂಚಣ್ಣ. "ಆಗ ನಂಗೆ ಮೂವತ್ತೊಂದು ವರ್ಷ. ಹಿರಿಯನೂ ಅಲ್ಲ."

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ನೀವು ಕಟ್ಟಿದ್ದು ಅನ್ನೋದಕ್ಕೆ ದಾಖಲೆ ಇದೆಯಾ?"

ಸುಳ್ಳು ಹೇಳಿದ್ದಕ್ಕೆ ಯಾರು ರಸೀದಿ ಇಟ್ಟುಕೊಳ್ಳುತ್ತಾರೆ? ಅತ್ತೆಯ ಮಾತು ದಾಖಲೆಯಾಗುವುದಿಲ್ಲವೇ ಎಂದರೆ, ಅದು ಒಬ್ಬರ ಬಾಯಿಮಾತು, ಇದು ಇಡೀ ದೇಶದ ನಂಬಿಕೆ ಎಂದರು. ಕಲ್ಲು ಆಗಲೇ ಅರ್ಧ ಕೆತ್ತಿಯಾಗಿತ್ತು. ಹೊರಗೆ ಬಂದ ಮೇಲೆ ಕಂಚಣ್ಣ ಮೆಟ್ಟಿಲ ಮೇಲೆ ನಿಂತು ನಕ್ಕರು, ಕೆಟ್ಟ ನಗು. "ಕಿಟಕಿಯಮ್ಮ, ನನ್ನ ಸುಳ್ಳಿಗೆ ನಾಲ್ಕು ಸಾಕ್ಷಿ. ನಿಜ ಹೇಳೋಕೆ ಹೊರಟ್ರೆ ನಾನೊಬ್ಬನೂ ಸಾಕ್ಷಿ ಅಲ್ಲ."

ಮರುದಿನದಿಂದ ಅವರು ಪ್ರವಾಸಿಗರಿಗೆ ನಿಜ ಹೇಳತೊಡಗಿದರು. ಅದೇ ಕಂಠ, ಅದೇ ಜಾಗ. ಆದರೆ ಯಾಕೋ ಮಾತು ನಡೆಯುತ್ತಿರಲಿಲ್ಲ. ಗಾರೆ ಎಂದಾಗ ಜನ ಕೈಗಡಿಯಾರ ನೋಡುತ್ತಿದ್ದರು. ಹನ್ನೆರಡು ಜನ ಸತ್ತರು ಎಂದಾಗ ತಾಯಂದಿರು ಮಕ್ಕಳನ್ನು ಪಕ್ಕಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಒಬ್ಬ ನಿವೃತ್ತ ಮೇಷ್ಟ್ರು ತಡೆದು, "ತಪ್ಪು ಹೇಳ್ತಿದ್ದೀರಿ. ಅರಸನ ಅಕ್ಕ ದೀಪ ಹಚ್ಚಿದ್ದು, ನಾನೇ ಪಾಠ ಮಾಡಿದ್ದೀನಿ" ಎಂದು ಪೂರ್ತಿ ಕಥೆಯನ್ನು ಅವರಿಗೇ ಒಪ್ಪಿಸಿದರು. ಗುಂಪು ಮೇಷ್ಟ್ರಿಗೆ ಚಪ್ಪಾಳೆ ತಟ್ಟಿತು. ಉಳಿದ ಗೈಡುಗಳು ಕಟ್ಟಳೆ ಮುರಿದು ಎಲ್ಲರೆದುರೇ ಹೇಳಿದರು: "ಅವರ ಮಾತು ತಲೆಗೆ ಹಚ್ಕೋಬೇಡಿ, ಮನೇಲಿ ಕಷ್ಟ ಇದೆ ಪಾಪ." ನಾನು ಕಿಟಕಿ ಮುಚ್ಚಿ ಹೋಗಿ ಆ ಗೈಡುಗಳಿಗೆ ನಾಲ್ಕು ಮಾತು ಅಂದೆ. ಅಂದು ಏನು ಬಂತು? ಸಾಲು ಬೆಳೆಯಿತು ಅಷ್ಟೆ.

ಕಲ್ಲು ನಿಲ್ಲಿಸಿದ ದಿನ ಅವರು ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ಇಸ್ತ್ರಿ ಮಾಡಿದ ಕೋಟು, ತೇಪೆಯ ಕಾಲರು. ಕಲ್ಲಿಗೆ ಹೊದಿಸಿದ್ದ ಬಟ್ಟೆ ಸರಿಸಿದರು, ಕ್ಯಾಮೆರಾಗಳು ಮಿಂಚಿದವು, ಇವರ ಕೈಗೆ ಮೈಕು ಕೊಟ್ಟರು. ಇವರು ಮೈಕನ್ನು ಹಿಂದಿರುಗಿಸಿ ತಮ್ಮ ಗಂಟಲಲ್ಲೇ ಹೇಳಿದರು: "ಈ ಕಲ್ಲಿನ ಮೇಲಿರೋದು ನಾನು ಕಟ್ಟಿದ ಸುಳ್ಳು. ಅಕ್ಕ ಗಾರೆ ಹೊತ್ತೋಳು. ಅವಳ ಮಾತು ಮರೆತದ್ದಕ್ಕೆ ನನ್ನ ಮನೆಯ ಮಗ ಕೆಳಗೆ ಬಿದ್ದ. ಕ್ಷಮಿಸಿ."

ಅಧಿಕಾರಿ ಮೈಕು ಎತ್ತಿಕೊಂಡು, ನಮ್ಮ ಹಿರಿಯ ಗೈಡು ಭಾವುಕರಾಗಿದ್ದಾರೆ ಎಂದರು. ಜನ ಚಪ್ಪಾಳೆ ತಟ್ಟಿದರು, ಜೋರಾಗಿ, ಕೆಲವರು ಎದ್ದು ನಿಂತು. ಮರುದಿನದ ಪತ್ರಿಕೆಯಲ್ಲಿ 'ವಿನಯದ ಮೂರ್ತಿ' ಎಂದು ಬರೆದರು. ಬಿಲ್ಲೆ ಹೊಸದು ಮಾಡಿಸಲು ಕಲ್ಲಿನ ಮೇಲಿನದನ್ನು ಬಾಯಿಪಾಠ ಒಪ್ಪಿಸಬೇಕು ಎಂದು ಆ ತಿಂಗಳೇ ನಿಯಮ ಬಂತು. ಕಂಚಣ್ಣ ಒಪ್ಪಿಸಲಿಲ್ಲ. ಹೀಗೆ ಇಪ್ಪತ್ತಾರು ವರ್ಷದ ಕೆಲಸ ಮುಗಿಯಿತು.

ಮೊನ್ನೆ ಭಾನುವಾರ ಬೆಳಗ್ಗೆ ಒಂದು ಚೀಲ ಕಿತ್ತಳೆ ತೆಗೆದುಕೊಂಡು ಅವರ ಮನೆಗೆ ಹೋದೆ. ಭಾಮೈದನ ಮನೆ ಮೂರನೇ ಮಹಡಿ, ಊರುಗೋಲಲ್ಲಿ ಹತ್ತಲಾಗದು. ಹಾಗಾಗಿ ಹೆಂಡತಿ, ಮಗಳ ಜೊತೆ ಇಲ್ಲೇ ಇದ್ದಾನೆ. ಅವನ ಹೆಂಡತಿ ಬ್ರೆಡ್ ಕಾರ್ಖಾನೆಗೆ ಹೋಗಿದ್ದಳು. ಅವನು ಮಂಚದ ಮೇಲೆ ದಿಂಬಿಗೆ ಒರಗಿದ್ದ. ಕಂಚಣ್ಣ ಅವನ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದರು. ದಿನಾ ಎರಡು ಹೊತ್ತು ಅವರೇ ಮಾಡುತ್ತಾರಂತೆ, ಬೇರೆಯವರಿಗೆ ಬಿಡುವುದಿಲ್ಲ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ. ಈಗ ಅಳಿಯನ ಜೊತೆ ಮಾತಿದೆ. "ಮೊಣಕಾಲು ಬಿಟ್ಬಿಟ್ರಿ ನೋಡಿ" ಎಂದು ಅಲ್ಲಿಂದಲೇ ಹೇಳುತ್ತಿದ್ದರು.

ಭಾಮೈದನ ಮಗಳು ನೆಲದ ಮೇಲೆ ಕೂತು ಸೋಮವಾರದ ಪರೀಕ್ಷೆಗೆ ಓದಿಕೊಳ್ಳುತ್ತಿದ್ದಳು. ನಾಲ್ಕನೇ ತರಗತಿ. ಪುಸ್ತಕ ಮುಚ್ಚಿ, ಕಣ್ಣು ಮುಚ್ಚಿ, ಗಟ್ಟಿಯಾಗಿ ಒಪ್ಪಿಸತೊಡಗಿದಳು. ಅಕ್ಕನ ಗೋಪುರಕ್ಕೆ ಆ ಹೆಸರು ಹೇಗೆ ಬಂತು. ಒಬ್ಬ ಅರಸನಿದ್ದ. ಅವನಿಗೊಬ್ಬಳು ಅಕ್ಕ.

ಕಂಚಣ್ಣನ ಕೈ ನಿಂತಿತು. ಅತ್ತೆ ಎದ್ದು ಒಳಗೆ ಹೋದರು. ಬೇಡ ಎಂದು ಮಗುವಿಗೆ ಹೇಗೆ ಹೇಳುವುದು? ಐದು ಅಂಕದ ಪ್ರಶ್ನೆ ಅದು. ಅವಳು ದೀಪದವರೆಗೆ ಬಂದಳು, ನಲವತ್ತು ವರ್ಷದವರೆಗೆ ಬಂದಳು, ಅಲ್ಲಿ ಮರೆತಳು. ಪುಸ್ತಕ ತೆಗೆಯಲು ಮನಸ್ಸಿಲ್ಲದೆ ಕಣ್ಣು ಮುಚ್ಚಿಕೊಂಡೇ ಕೇಳಿದಳು:

"ಮಾವ, ಆಮೇಲೇನು?"

ಕಂಚಣ್ಣ ತುಟಿ ತೆರೆದರು. ಎಣ್ಣೆಯ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲೇ ಹಿಡಿದುಕೊಂಡಿದ್ದರು.

ಮಂಚದ ಮೇಲಿನಿಂದ ಭಾಮೈದ ಹೇಳಿಕೊಟ್ಟ. ದಿನಕ್ಕೆ ಆರು ಸಲದಂತೆ ಸಾರುವೆಯ ಮೇಲೆ ನಿಂತು ಕೇಳಿದವನು, ಒಂದು ಪದವೂ ಆಚೀಚೆ ಆಗಲಿಲ್ಲ. ಭಾವನ ಕಂಠದ ಏರಿಳಿತವೂ ಹಾಗೆಯೇ ಬಂತು.

"ತಮ್ಮ ನೆರೆತ ತಲೆಯಲ್ಲಿ ಮರಳಿ ಬಂದ ಸಂಜೆ ದೀಪವಿರಲಿಲ್ಲ. ಹೇಳು ಮಗಳೇ."

ಮಗು ಹೇಳಿತು.